ಗಾಂಧಿ ಬಜಾರಿಗೆ ಕಾಫಿ ಬಂದ ದಾರಿ

ಬೆಂಗಳೂರಿನ ಬಸವನಗುಡಿಯಲ್ಲಿ ಗಾಂಧಿ ಬಜಾರೆಂಬ ಬೀದಿಯುಂಟು. ಹೂವು, ಹಣ್ಣು, ಬಾಳೆಯೆಲೆ, ಪೂಜಾಸಾಮಗ್ರಿಗಳ ಅಂಗಡಿಗಳಿಂದ ತುಂಬಿದ ಈ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ ಮಲ್ಲಿಗೆಯ ಕಂಪಿನೊಡನೆ ಮತ್ತೊಂದು ಪರಿಮಳವೂ ಎದುರಾಗುತ್ತದೆ. ಹುರಿದ ಕಾಫಿಬೀಜವನ್ನು ಆಗತಾನೆ ಪುಡಿಮಾಡುವಾಗ ಏಳುವ ಪರಿಮಳವದು. ಅದು ನಮ್ಮ ಜೀವನದಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ, ಕಾಫಿ ಹೊರಗಿನಿಂದ ಬಂದದ್ದು ಎಂದರೆ ಒಡನೆಯೇ ಒಪ್ಪುವುದಕ್ಕೆ ಮನಸ್ಸು ಬಾರದು. ಆದರೂ ನಿಜ ಸ್ಥಿತಿ ಹೀಗಿದೆ: ಗಿಡ ಆಫ್ರಿಕದ್ದು, ಬೀಜವನ್ನು ಹುರಿದು ಕುದಿಸಿ ಕುಡಿಯುವ ಪದ್ಧತಿ ಅರಬ್ಬರದು, ಪುಡಿಗೆ ಚಿಕೋರಿ ಬೆರೆಸುವ ವಾಡಿಕೆ ಯೂರೋಪಿನದು, ಹಾಲು, ಸಕ್ಕರೆ, ಲೋಟ, ಬಟ್ಟಲುಗಳು ಮಾತ್ರ ನಮ್ಮವು.

ಇವೆಲ್ಲ ಒಂದೇ ಲೋಟದಲ್ಲಿ ಸೇರಿದ್ದು ಹೇಗೆ? ಆ ಲೋಟದ ಬೆಲೆಯನ್ನು ಕಟ್ಟುವವರು ಯಾರು? ಅದನ್ನು ಯಾರು ಯಾರ ಪಕ್ಕದಲ್ಲಿ ಕುಳಿತು ಕುಡಿಯಬಹುದೆಂಬುದನ್ನು ನಿಶ್ಚಯಿಸುತ್ತಿದ್ದವರು ಯಾರು? ಈ ಮೂರು ಪ್ರಶ್ನೆಗಳ ಬೆನ್ನುಹತ್ತಿ ಹೊರಟರೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಸಮಾಜದ ಚರಿತ್ರೆ ಈ ನಾಲ್ಕೂ ನಮಗೆ ದಾರಿಯಲ್ಲಿ ಸಿಗುತ್ತವೆ.

ಬೀಜದ ಪ್ರಯಾಣ

ಕಾಫಿಗಿಡದ ತವರು ಇಥಿಯೋಪಿಯದ ಬೆಟ್ಟಗಾಡು. ಅಲ್ಲಿಂದ ಅದು ಕೆಂಪು ಸಮುದ್ರವನ್ನು ದಾಟಿ ಯೆಮನ್ ದೇಶಕ್ಕೆ ಬಂತು. 15ನೆಯ ಶತಮಾನದಲ್ಲಿ ಅಲ್ಲಿನ ಸೂಫಿ ಸಾಧಕರು ರಾತ್ರಿಯ ಧ್ಯಾನದಲ್ಲಿ ನಿದ್ರೆ ಬಾರದಿರಲೆಂದು ಅದರ ಕಷಾಯವನ್ನು ಕುಡಿಯುತ್ತಿದ್ದರು. ಕಷಾಯ ಮಠಗಳನ್ನು ಬಿಟ್ಟು ಪೇಟೆಗೆ ಇಳಿದೊಡನೆ ಕಾಫಿಗೃಹಗಳು ಹುಟ್ಟಿದವು. ಜನ ಸೇರುವ ಕಡೆ ಮಾತು ಹುಟ್ಟುತ್ತದೆ. ಮಾತು ಹುಟ್ಟುವ ಕಡೆ ಅಧಿಕಾರಿಗಳಿಗೆ ಶಂಕೆ ಹುಟ್ಟುತ್ತದೆ. 1511ರಲ್ಲಿ ಮೆಕ್ಕಾದ ಅಧಿಕಾರಿ ಖಾಯಿರ್ ಬೇಗ್ ಎಂಬಾತನು ಕಾಫಿಯನ್ನು ನಿಷೇಧಿಸಿದನು. ಆ ನಿಷೇಧ ಬಹುಕಾಲ ನಿಲ್ಲಲಿಲ್ಲ. 1675ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಕಾಫಿಗೃಹಗಳನ್ನು ಮುಚ್ಚಬೇಕೆಂದು ಸಾರಿದನು. ಪ್ರಜೆಗಳ ಕೂಗಿಗೆ ಮಣಿದು ಕೆಲವೇ ದಿನಗಳಲ್ಲಿ ಆ ಅಪ್ಪಣೆಯನ್ನು ಹಿಂದೆಗೆದುಕೊಂಡನು. ಲಂಡನ್ನಿನ ಅಂತಹ ಒಂದು ಕಾಫಿಗೃಹದಲ್ಲಿ, ಎಡ್ವರ್ಡ್ ಲಾಯ್ಡ್ ಎಂಬುವನ ಅಂಗಡಿಯಲ್ಲಿ, ಹಡಗಿನ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ವ್ಯವಹಾರವೇ ಮುಂದೆ ಲೋಕಪ್ರಸಿದ್ಧವಾದ ಲಾಯ್ಡ್ಸ್ ವಿಮಾ ಸಂಸ್ಥೆಯಾಗಿ ಬೆಳೆಯಿತು.

ನಮ್ಮ ನಾಡಿಗೆ ಕಾಫಿ ಬಂದ ಕಥೆ ಬಾಬಾ ಬುಡನ್ ಎಂಬ ಸಂತರ ಹೆಸರಿನೊಡನೆ ಸೇರಿಕೊಂಡಿದೆ. 17ನೆಯ ಶತಮಾನದಲ್ಲಿ ಅವರು ಮೆಕ್ಕಾಯಾತ್ರೆ ಮುಗಿಸಿ ಬರುವಾಗ ಯೆಮನ್ನಿನಿಂದ ಏಳು ಬೀಜಗಳನ್ನು ತಂದು, ಚಿಕ್ಕಮಗಳೂರಿನ ಬಳಿಯ ಗಿರಿಯಲ್ಲಿ ಬಿತ್ತಿದರೆಂದು ಐತಿಹ್ಯ. ಆ ಗಿರಿಶ್ರೇಣಿಗೆ ಇಂದಿಗೂ ಅವರದೇ ಹೆಸರು. ಅರಬ್ಬರು ಮೊಳೆಯಬಲ್ಲ ಬೀಜವನ್ನು ಹೊರದೇಶಕ್ಕೆ ಬಿಡುತ್ತಿರಲಿಲ್ಲ, ಬೇಯಿಸಿದ ಅಥವಾ ಹುರಿದ ಬೀಜವನ್ನಷ್ಟೇ ಮಾರುತ್ತಿದ್ದರು ಎಂದೂ ಹೇಳುವುದುಂಟು. ಐತಿಹ್ಯದ ವಿವರಗಳು ಹೇಗೇ ಇರಲಿ, ಸಸ್ಯಶಾಸ್ತ್ರ ಅದಕ್ಕೆ ಅಡ್ಡಬರುವುದಿಲ್ಲ. ಕಾಫಿಬೀಜದ ಮೊಳೆಯುವ ಶಕ್ತಿ ಕೆಲವು ತಿಂಗಳಲ್ಲಿ ನಶಿಸಿಹೋಗುತ್ತದೆ ನಿಜ. ಆದರೆ ಗಾಳಿ ಅನುಕೂಲವಾಗಿದ್ದಾಗ ಅರಬ್ಬೀ ಸಮುದ್ರವನ್ನು ಕೆಲವು ವಾರಗಳಲ್ಲಿ ದಾಟಬಹುದಾಗಿತ್ತು. ಸಿಪ್ಪೆಯೊಡನೆ ಜೋಪಾನವಾಗಿ ತಂದ ಬೀಜ ನಮ್ಮ ಮಲೆನಾಡಿನ ತಂಪಿನಲ್ಲಿ, ಮರದ ನೆರಳಿನಲ್ಲಿ ಮೊಳೆತದ್ದು ಆಶ್ಚರ್ಯವಲ್ಲ.

ಇದಾದ ಮೇಲೂ ಬಹಳ ಕಾಲ ಕಾಫಿ ಹಿತ್ತಲಿನ ಗಿಡವಾಗಿಯೇ ಇತ್ತು. 19ನೆಯ ಶತಮಾನದಲ್ಲಿ ಯೂರೋಪಿಯನ್ನರು ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ದೊಡ್ಡ ತೋಟಗಳನ್ನು ಎಬ್ಬಿಸಿದ ಮೇಲೆ ಅದು ವ್ಯಾಪಾರದ ಬೆಳೆಯಾಯಿತು. ಆದರೆ ಆ ವ್ಯಾಪಾರ ನಮಗಾಗಿ ಇರಲಿಲ್ಲ. ಮಲೆನಾಡಿನ ಕೂಲಿಗಾರರು ಕಿತ್ತ ಹಣ್ಣು ಮಂಗಳೂರಿನಲ್ಲಿಯೂ ಹುಣಸೂರಿನಲ್ಲಿಯೂ ಹದಗೊಂಡು ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು.

ತುಕ್ಕು ಹಿಡಿದ ಎಲೆಗಳು

ಈ ವ್ಯಾಪಾರವೆಲ್ಲ ಒಮ್ಮೆ ಒಂದು ಕಣ್ಣಿಗೆ ಕಾಣದ ಜೀವಿಯಿಂದ ಮುಳುಗುವುದರಲ್ಲಿತ್ತು. 1869ರಲ್ಲಿ ಸಿಂಹಳದ ಕಾಫಿತೋಟಗಳಲ್ಲಿ ಎಲೆಯ ಕೆಳಮೈ ಮೇಲೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಹೆಮಿಲಿಯ ವ್ಯಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕಣಗಳವು. ಅದು ತಗುಲಿದ ಎಲೆ ಉದುರುತ್ತದೆ. ಎಲೆಯಿಲ್ಲದ ಗಿಡ ಆಹಾರವನ್ನು ತಯಾರಿಸಲಾರದೆ ಸೊರಗುತ್ತದೆ. ಸುಮಾರು ಇಪ್ಪತ್ತು ವರ್ಷಗಳಲ್ಲಿ ಸಿಂಹಳದ ಕಾಫಿ ಉದ್ಯಮ ನೆಲಕಚ್ಚಿತು. ಬೆಳೆಗಾರರು ಕಾಫಿಯನ್ನು ಕಿತ್ತು ಚಹಾ ನೆಟ್ಟರು. ಇಂದು ಶ್ರೀಲಂಕಾ ಎಂದೊಡನೆ ನಮಗೆ ಚಹಾ ನೆನಪಾಗುವುದಕ್ಕೆ ಈ ಶಿಲೀಂಧ್ರವೇ ಕಾರಣ.

ನಮ್ಮ ತೋಟಗಳಿಗೂ ತುಕ್ಕುರೋಗ ಬಂತು. ಆದರೆ ಇಲ್ಲಿ ಕಾಫಿ ಉಳಿಯಿತು. ನೆರಳಿನ ಮರಗಳ ಅಡಿಯ ಬೇಸಾಯ ಇದಕ್ಕೆ ಒಂದು ನೆರವು. ಗಿಡಗಳ ಆಯ್ಕೆ ಇನ್ನೊಂದು. 1911ರ ಸುಮಾರಿನಲ್ಲಿ ಮೈಸೂರು ಸೀಮೆಯ ದೊಡ್ಡೇನಗುಡ್ಡ ತೋಟದ ಕೆಂಟ್ ಎಂಬ ಬೆಳೆಗಾರನು ರೋಗವನ್ನು ತಡೆದುಕೊಂಡಿದ್ದ ಒಂದು ಗಿಡವನ್ನು ಗುರುತಿಸಿ, ಅದರ ಬೀಜದಿಂದ ಹೊಸ ಗಿಡಗಳನ್ನು ಬೆಳೆಸಿದನು. ಆ ತಳಿಗೆ ‘ಕೆಂಟ್ಸ್’ ಎಂದೇ ಹೆಸರಾಯಿತು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಇದು ಹೇಗೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ಬಾಳೆಹೊನ್ನೂರಿನಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1925ರಲ್ಲಿ ಅಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪಿತವಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ತುಕ್ಕಿನ ಶಿಲೀಂಧ್ರದಲ್ಲಿ ಒಂದೇ ಜಾತಿಯಿದ್ದರೂ ಹಲವು ಪಂಗಡಗಳಿವೆಯೆಂದೂ, ಒಂದು ಪಂಗಡವನ್ನು ತಡೆಯುವ ಗಿಡ ಮತ್ತೊಂದಕ್ಕೆ ತುತ್ತಾಗಬಹುದೆಂದೂ ತೋರಿಸಿಕೊಟ್ಟರು. ಗಿಡ ಬೀಗ ಬದಲಾಯಿಸಿದರೆ ಶಿಲೀಂಧ್ರ ಬೀಗದಕೈ ಬದಲಾಯಿಸುತ್ತದೆ ಎಂದಂತಾಯಿತು. ಈ ತಿಳಿವಿನ ಬಲದಿಂದ ಬಾಳೆಹೊನ್ನೂರಿನವರು ಕೆಂಟ್ಸ್ ತಳಿಯನ್ನು ಇನ್ನೊಂದು ತಳಿಯೊಡನೆ ಸಂಕರಗೊಳಿಸಿ 1940ರ ದಶಕದಲ್ಲಿ ‘ಎಸ್. 795’ ಎಂಬ ತಳಿಯನ್ನು ಹೊರತಂದರು. ಇಂದಿಗೂ ನಮ್ಮ ಅರಾಬಿಕ ತೋಟಗಳಲ್ಲಿ ಅದು ಬಹಳವಾಗಿ ಕಾಣಬರುತ್ತದೆ. ಗಾಂಧಿ ಬಜಾರಿನ ಲೋಟದಲ್ಲಿ ಬಾಳೆಹೊನ್ನೂರಿನ ಪ್ರಯೋಗಶಾಲೆಯೂ ಕರಗಿದೆಯೆಂದರೆ ಅತಿಶಯೋಕ್ತಿಯಾಗದು.

ಬಡಾವಣೆಯೂ ಕಾಫಿ ಕ್ಲಬ್ಬೂ

ಇನ್ನು ಪೇಟೆಗೆ ಬರೋಣ. 1892ರಲ್ಲಿ ಬೆಂಗಳೂರಿನ ಹಳೆಯ ಪೇಟೆಯ ಹೊರಗೆ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗು ಇಕ್ಕಟ್ಟಾದ ಪೇಟೆಯ ಕೇರಿಗಳನ್ನು ಕಂಗೆಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ವೇಗವಾಗಿ ಬೆಳೆದವು. ಅಗಲವಾದ ಬೀದಿಗಳು, ಗಾಳಿ ಬೆಳಕಿನ ಮನೆಗಳು. ಅವುಗಳಲ್ಲಿ ಗುಮಾಸ್ತರು, ಉಪಾಧ್ಯಾಯರು, ವಕೀಲರು. ಇವರಿಗೆ ತಿಂಗಳ ಸಂಬಳ, ಗಡಿಯಾರದ ದಿನಚರಿ. ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋಗಬೇಕಾದವನಿಗೆ ಬೆಳಗ್ಗೆ ಎಚ್ಚರ ತರುವ ಪಾನೀಯ ಒದಗಿಬಂತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂತು. ಬೀಜವನ್ನು ಯಂತ್ರದಲ್ಲಿ ಪುಡಿಮಾಡಿ ಮಾರುವ ಅಂಗಡಿಗಳಿಗೆ ಅದರಿಂದ ಮುಂದೆ ಬಹಳ ಅನುಕೂಲವಾಯಿತು.

ಮನೆಯ ಹೊರಗೆ ಕಾಫಿ ಕುಡಿಸಿದವರು ಬಹುಮಟ್ಟಿಗೆ ಕರಾವಳಿಯಿಂದ ಬಂದವರು. ಉಡುಪಿ, ಕುಂದಾಪುರಗಳ ಸುತ್ತಿನ ಬಡ ಕುಟುಂಬಗಳ ಹುಡುಗರು ಘಟ್ಟ ಹತ್ತಿ ಬಂದು ಪಾತ್ರೆ ತೊಳೆದು, ಮಾಣಿಗಳಾಗಿ, ಅಡಿಗೆಯವರಾಗಿ, ಅದೃಷ್ಟವಿದ್ದವರು ಗಲ್ಲಾದ ಮೇಲೆ ಕೂರುವ ಯಜಮಾನರಾದರು. ಪರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಸಾಲಿಗ್ರಾಮದ ಕಡೆಯಿಂದ ಬಂದ ವೆಂಕಟರಮಣ ಉರಾಳರು 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನವನ್ನು ತೆರೆದರು. ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಗಾಗಿ ನಡೆದ ಸಣ್ಣ ಹೋಟೆಲಾದುದರಿಂದ ಅದಕ್ಕೆ ಆ ಹೆಸರು. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು. ಇಂದಿಗೂ ಅದೇ ಬೀದಿಯಲ್ಲಿ ನಡೆಯುತ್ತಿದೆ.

ಕೈಯಲ್ಲಿ ಕಾಸು ಕಡಮೆಯಿರುವ ವಿದ್ಯಾರ್ಥಿಗಳಿಂದಲೂ ಗುಮಾಸ್ತರಿಂದಲೂ ತುಂಬಿದ ಇಂತಹ ಕಡೆಗಳಲ್ಲಿ ಬೆಂಗಳೂರಿಗೇ ವಿಶಿಷ್ಟವಾದ ಒಂದು ಪದ್ಧತಿ ಬೇರೂರಿದೆ. ಅದೇ ‘ಬೈ ಟು ಕಾಫಿ’. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಸಿಕೊಂಡು ಇಬ್ಬರು ಕುಡಿಯುವುದು. ಕಾಫಿ ಅರ್ಧವಾದರೂ ಮಾತು ಅರ್ಧವಾಗುವುದಿಲ್ಲ. ಕುಳಿತ ಜಾಗದ ಹಕ್ಕು ಇಬ್ಬರಿಗೂ ಪೂರ್ತಿಯಾಗಿಯೇ ಉಂಟು.

ಯಾರ ಪಕ್ಕದಲ್ಲಿ ಯಾರು?

ಆದರೆ ಆ ಹಕ್ಕು ಎಲ್ಲರಿಗೂ ಇದ್ದುದಲ್ಲ. ಮಾವಳ್ಳಿಯ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಆ ಕಾಲದ ದಕ್ಷಿಣಭಾರತದಲ್ಲಿ ಇಂತಹ ಹೆಸರು ಬಲು ಸಾಮಾನ್ಯ. ಅಡಿಗೆ ಮಾಡುವವರು ಯಾರೆಂಬುದಕ್ಕೆ ಆ ಫಲಕ ಸಾಕ್ಷಿಯಾಗಿತ್ತು. ಮಡಿಯ ಮನೆಯಿಂದ ಬಂದವನು ಸಂಕೋಚವಿಲ್ಲದೆ ಒಳಗೆ ಬರಬಹುದು ಎಂಬ ಭರವಸೆಯನ್ನು ಅದು ಕೊಡುತ್ತಿತ್ತು. ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ ಕೋಣೆ. ಅಸ್ಪೃಶ್ಯರೆನಿಸಿಕೊಂಡವರಿಗೆ ಬಾಗಿಲೇ ಇಲ್ಲ. ಹೆಂಗಸರು ಹೋಟೆಲಿಗೆ ಬರುವುದೂ ಅಪರೂಪ. ಬಂದರೆ ಅವರಿಗೆ ಪರದೆಯ ಹಿಂದಿನ ‘ಫ್ಯಾಮಿಲಿ ರೂಮು’.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹೊರಗೆ ಉಣ್ಣಬಾರದೆಂಬ ಕಟ್ಟನ್ನು ಸಡಿಲಿಸಿದ್ದು ಹೋಟೆಲು. ಅದೇ ಹೋಟೆಲು ಭೇದಕ್ಕೆ ಹೊಸದಾಗಿ ಗೋಡೆಯನ್ನೂ ಕಟ್ಟಿತು. ಮನೆಯಲ್ಲಿದ್ದ ಕಟ್ಟಳೆ ಬೀದಿಗೆ ಬಂದು ಫಲಕದ ಮೇಲೆ ಅಕ್ಷರವಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನ ಇದಕ್ಕೆ ನೇರವಾದ ಉತ್ತರ ಕೊಟ್ಟಿತು. ಅದರ 15ನೆಯ ವಿಧಿ, ಜಾತಿಯ ಕಾರಣದಿಂದ ಯಾರನ್ನೂ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳಿಂದ ದೂರವಿಡಬಾರದೆಂದು ವಿಧಿಸುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. 1955ರ ಕಾನೂನು ಅದನ್ನು ಆಚರಿಸುವವರಿಗೆ ಶಿಕ್ಷೆಯನ್ನು ಗೊತ್ತುಪಡಿಸಿತು. ಸಂವಿಧಾನ ರಚಿಸಿದವರು ಮತದಾನ, ನ್ಯಾಯಾಲಯಗಳಂತಹ ದೊಡ್ಡ ವಿಷಯಗಳೊಡನೆ ಹೋಟೆಲಿನ ಬಾಗಿಲನ್ನೂ ನೆನೆದರೆಂಬುದು ಸಣ್ಣ ಸಂಗತಿಯಲ್ಲ.

ಕಾನೂನು ಬಂದೊಡನೆ ನಡತೆ ಬದಲಾಗಲಿಲ್ಲ. ಮದ್ರಾಸಿನ ಒಂದು ಹೋಟೆಲಿನ ಫಲಕದಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು 1957ರಲ್ಲಿ ಪೆರಿಯಾರ್ ಅವರ ಅನುಯಾಯಿಗಳು ದೀರ್ಘವಾದ ಚಳವಳಿ ನಡೆಸಬೇಕಾಯಿತು. ಕೆಲವು ಹಳ್ಳಿಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಡುವ ಕ್ರೂರ ವಾಡಿಕೆ ಕಾನೂನಿನ ಕಣ್ಣುತಪ್ಪಿಸಿ ಬಹುಕಾಲ ಉಳಿಯಿತು. ಲೋಟವೆಂಬುದು ಬರಿಯ ಪಾತ್ರೆಯಲ್ಲ. ಸಮಾಜವನ್ನು ಅಳೆಯುವ ಮಾಪಕವೂ ಹೌದು.

ಯುದ್ಧ ಕಲಿಸಿದ ಪಾಠ

ನಮ್ಮ ಕಾಫಿಯ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತಿತ್ತೆಂದು ಹೇಳಿದೆವಷ್ಟೆ. 1930ರ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಲೆ ಕುಸಿಯಿತು. 1935ರಲ್ಲಿ ಕಾಫಿ ಸುಂಕದ ಕಾನೂನಿನಂತೆ ಒಂದು ಸಮಿತಿ ಏರ್ಪಟ್ಟಿತು. ದೇಶದೊಳಗೆ ಕಾಫಿಯ ರುಚಿ ಹತ್ತಿಸಬೇಕೆಂದು ಅದು 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ತೋಟದಲ್ಲಿ ಬೆಳೆ ಇದೆ, ಕೊಳ್ಳುವವರಿಲ್ಲ. ಆಗ ಸರ್ಕಾರ ಕೈಹಾಕಿತು. 1942ರ ಕಾಫಿ ಕಾನೂನಿನ ಅಡಿಯಲ್ಲಿ ಕಾಫಿ ಮಂಡಳಿ ನೆಲೆಗೊಂಡಿತು. ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿಯೇ ಇದೆ.

ಮಂಡಳಿಯ ‘ಪೂಲ್’ ಪದ್ಧತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಬೆಳೆಗಾರನು ತನ್ನ ಬೆಳೆಯನ್ನು ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಅದರ ಗುಣವನ್ನು ತೂಗಿ ನೋಡಿ, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ, ಹೊರದೇಶಕ್ಕಿಷ್ಟು, ಒಳನಾಡಿಗಿಷ್ಟು ಎಂದು ಹರಾಜು ಹಾಕುತ್ತದೆ. ಬಂದ ಹಣವನ್ನು ಬೆಳೆಗಾರರಿಗೆ ಕಂತುಗಳಲ್ಲಿ ಹಂಚುತ್ತದೆ. ಇದರಿಂದ ಸಣ್ಣ ಬೆಳೆಗಾರನು ದಲ್ಲಾಳಿಯ ಬಾಯಿಗೆ ಬೀಳುವುದು ತಪ್ಪಿತು. ಬೆಲೆಯ ಏರಿಳಿತದ ಪೆಟ್ಟು ಹಗುರವಾಯಿತು. ಆದರೆ ಕಂತಿನ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಹೊರಗೆ ಬೆಲೆ ಏರಿದಾಗ ಅದರ ಪೂರ್ಣ ಲಾಭ ಕೈಗೆ ಹತ್ತಲಿಲ್ಲ. ಭದ್ರತೆಗೂ ಸ್ವಾತಂತ್ರ್ಯಕ್ಕೂ ಎಂದೆಂದೂ ಇರುವ ತಿಕ್ಕಾಟವೇ ಇದು.

1957ರಲ್ಲಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಅಲ್ಲಿನ ಕೆಲಸಗಾರರ ಅನ್ನಕ್ಕೆ ಕುತ್ತು ಬಂತು. ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಅವರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ನಿನ್ನೆ ಲೋಟ ತಂದಿಡುತ್ತಿದ್ದವರೇ ಅಂಗಡಿಯ ಒಡೆಯರಾದರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅವರ ಕಾಫಿ ಹೌಸು 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋಯಿತು.

ಪುಡಿಯ ಅಂಗಡಿಯಲ್ಲಿ ರಸಾಯನಶಾಸ್ತ್ರ

ಗಾಂಧಿ ಬಜಾರಿನಂತಹ ಬೀದಿಯ ಕಾಫಿಪುಡಿಯ ಅಂಗಡಿಯಲ್ಲಿ ನಿಂತರೆ ಗಿರಾಕಿಗಳ ಮಾತು ಸೂತ್ರದಂತೆ ಕೇಳಿಸುತ್ತದೆ: “ಪ್ಲಾಂಟೇಷನ್ ಎ ಅರ್ಧ, ಪೀಬೆರಿ ಅರ್ಧ, ಚಿಕೋರಿ ಇಪ್ಪತ್ತು ಹಾಕಿ.” ಇದರ ಅರ್ಥವೇನು? ಹಣ್ಣಿನ ತಿರುಳನ್ನು ನೀರಿನಲ್ಲಿ ತೊಳೆದು ತೆಗೆದ ಅರಾಬಿಕ ಬೀಜ ‘ಪ್ಲಾಂಟೇಷನ್’. ‘ಎ’ ಎಂಬುದು ಗಾತ್ರದ ದರ್ಜೆ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಅದು ‘ಚೆರ್ರಿ’. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಚಪ್ಪಟೆ ಮೈಯ ಎರಡು ಬೀಜಗಳಿರುತ್ತವೆ. ಒಂದು ಬೆಳೆಯದೆ ಹೋದರೆ ಇನ್ನೊಂದು ಗುಂಡಗಾಗುತ್ತದೆ. ಅದೇ ‘ಪೀಬೆರಿ’. ಗುಂಡಗಿರುವುದರಿಂದ ಅದು ಹುರಿಯುವ ಪೀಪಾಯಿಯಲ್ಲಿ ಚೆನ್ನಾಗಿ ಉರುಳಿ ಸಮನಾಗಿ ಬೇಯುತ್ತದೆ.

ಹಸಿಯ ಬೀಜಕ್ಕೆ ನಾವು ಬಲ್ಲ ಪರಿಮಳವಿಲ್ಲ. ಅದೆಲ್ಲ ಬೆಂಕಿಯ ಸೃಷ್ಟಿ. ಉಷ್ಣತೆ ಏರಿದಂತೆ ಮೊದಲು ತೇವ ಆರುತ್ತದೆ. ಅನಂತರ ಬೀಜದಲ್ಲಿರುವ ಸಕ್ಕರೆಗಳೂ ಅಮೈನೊ ಆಮ್ಲಗಳೂ ಸೇರಿ ನೂರಾರು ಹೊಸ ಸಂಯುಕ್ತಗಳಾಗುತ್ತವೆ. 1912ರಲ್ಲಿ ಫ್ರಾನ್ಸಿನ ಮೇಯ್ಯಾರ್ ಎಂಬ ರಸಾಯನಜ್ಞನು ವಿವರಿಸಿದ ಕ್ರಿಯೆ ಇದು. ದೋಸೆ ಹೊಂಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಸುಮಾರು 200 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಒಳಗಿನ ಆವಿಯ ಮತ್ತು ಅನಿಲದ ಒತ್ತಡದಿಂದ ಬೀಜ ಚಟಪಟನೆ ಸಿಡಿಯುತ್ತದೆ. ಹುರಿಯುವುದು ಮುಗಿಯುವ ಹೊತ್ತಿಗೆ ತೂಕದಲ್ಲಿ ನೂರಕ್ಕೆ ಸುಮಾರು 15ರಿಂದ 20 ಪಾಲು ಕಳೆದಿರುತ್ತದೆ. ಹಸಿ ಬೀಜದ ಬೆಲೆಗಿಂತ ಪುಡಿಯ ಬೆಲೆ ಏಕೆ ಹೆಚ್ಚೆಂಬುದಕ್ಕೆ ಇದೂ ಒಂದು ಕಾರಣ.

ಚಿಕೋರಿ ಒಂದು ಸಸ್ಯದ ಬೇರು. ನಮ್ಮ ದೇಶದಲ್ಲಿ ಮುಖ್ಯವಾಗಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತದೆ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನೊಡನೆ ವ್ಯಾಪಾರವನ್ನು ತಡೆದಾಗ ಯೂರೋಪಿನಲ್ಲಿ ಕಾಫಿ ದುರ್ಲಭವಾಗಿ, ಈ ಬೇರಿನ ಬಳಕೆ ಬಹಳ ಹೆಚ್ಚಿತು. ಇದರಲ್ಲಿ ಕೆಫೀನ್ ಇಲ್ಲ. ಇದರಲ್ಲಿರುವ ಇನ್ಯುಲಿನ್ ಎಂಬ ಪಿಷ್ಟದಂತಹ ವಸ್ತು ಹುರಿದಾಗ ಕಂದಿ ಬಣ್ಣವನ್ನೂ ಕೊಂಚ ಕಹಿಸಿಹಿಯನ್ನೂ ಕೊಡುತ್ತದೆ. ಆದುದರಿಂದ ಡಿಕಾಕ್ಷನ್ನು ಕಪ್ಪಾಗಿದ್ದ ಮಾತ್ರಕ್ಕೆ ಕಾಫಿ ಹೆಚ್ಚಿದೆಯೆಂದು ತಿಳಿಯಲಾಗದು. ಮಿಶ್ರಣದ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಿಗೆ ಕಡಮೆಯಿರಬಾರದೆಂದು ನಮ್ಮ ಆಹಾರ ನಿಯಮಗಳು ಹೇಳುತ್ತವೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಪುಡಿಯನ್ನು ಮೆಲ್ಲನೆ ಉದುರಿಸಿರಿ. ಕಾಫಿಯ ಕಣಗಳಲ್ಲಿ ಎಣ್ಣೆಯ ಅಂಶವೂ ಅನಿಲವೂ ಇರುವುದರಿಂದ ಅವು ಸ್ವಲ್ಪ ಹೊತ್ತು ತೇಲುತ್ತವೆ. ಚಿಕೋರಿಯ ಕಣಗಳು ಬೇಗನೆ ನೀರು ಹೀರಿ, ಕಂದುಬಣ್ಣದ ಎಳೆಗಳನ್ನು ಬಿಡುತ್ತ ಕೆಳಕ್ಕಿಳಿಯುತ್ತವೆ. ಕಾಫಿಗೆ ಬೇರೆ ಹಾಲೇಕೆ ಎಂದು ಕೇಳುವವರಿಗೂ ಉತ್ತರವುಂಟು: ಹಾಲಿನ ಪ್ರೋಟೀನುಗಳು ಕಾಫಿಯ ಒಗರು ವಸ್ತುಗಳನ್ನು ಹಿಡಿದಿಟ್ಟು ನಾಲಗೆಗೆ ಮೃದುವಾಗಿಸುತ್ತವೆ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವುದು ಶೋಕಿಗಲ್ಲ. ಗಾಳಿಗೆ ತೆರೆದ ಮೈ ಹೆಚ್ಚಿದಷ್ಟೂ ಬಿಸಿ ಬೇಗ ಇಳಿಯುತ್ತದೆ, ನೊರೆಯೂ ಏಳುತ್ತದೆ.

ಬ್ರೆಜಿಲಿನ ಮಂಜು, ಬಸವನಗುಡಿಯ ಬೆಲೆ

ಮೊದಲ ಪ್ರಶ್ನೆಗೂ ಮೂರನೆಯದಕ್ಕೂ ಉತ್ತರ ಕಂಡೆವು. ಬೆಲೆಯ ಪ್ರಶ್ನೆ ಉಳಿದಿದೆ. 1962ರ ಅಂತರರಾಷ್ಟ್ರೀಯ ಒಪ್ಪಂದದಂತೆ ಕಾಫಿ ಬೆಳೆಯುವ ದೇಶಗಳು ಇಷ್ಟಿಷ್ಟೇ ಮಾರಬೇಕೆಂಬ ಕಟ್ಟು ಇತ್ತು. 1989ರಲ್ಲಿ ಅದು ಮುರಿದುಬಿತ್ತು. ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು. 1992ರಿಂದ 1996ರ ಒಳಗೆ ಪೂಲ್ ಪದ್ಧತಿ ಹಂತಹಂತವಾಗಿ ಕೊನೆಗೊಂಡಿತು. ಬೆಳೆಗಾರನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದನು. ಜೊತೆಗೇ ಲೋಕದ ಬಿರುಗಾಳಿಗೂ ಮೈಯೊಡ್ಡಿದನು. ಇಂದು ಅರಾಬಿಕದ ಬೆಲೆ ನ್ಯೂಯಾರ್ಕಿನಲ್ಲಿಯೂ ರೊಬಸ್ಟದ ಬೆಲೆ ಲಂಡನ್ನಿನಲ್ಲಿಯೂ ನಿರ್ಧಾರವಾಗುತ್ತದೆ. 1975ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಹೊಡೆದಾಗ ಲೋಕದಲ್ಲೆಲ್ಲ ಬೆಲೆ ಏರಿತು. 2001ರ ಸುಮಾರಿನಲ್ಲಿ ವಿಯೆಟ್ನಾಮಿನ ರೊಬಸ್ಟ ಮಾರುಕಟ್ಟೆಯನ್ನು ತುಂಬಿದಾಗ ಬೆಲೆ ಪಾತಾಳಕ್ಕಿಳಿದು, ಕೊಡಗು ಚಿಕ್ಕಮಗಳೂರುಗಳ ಬೆಳೆಗಾರರು ಸಾಲದಲ್ಲಿ ಸಿಲುಕಿದರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅರಾಬಿಕ ಬೆಲೆ ಪೌಂಡಿಗೆ 4 ಡಾಲರನ್ನು ಮೀರಿತು. ಬೆಂಗಳೂರಿನ ಪುಡಿಯ ಅಂಗಡಿಗಳಿಗೂ ಹೋಟೆಲುಗಳಿಗೂ ಅದರ ಬಿಸಿ ತಟ್ಟಿತು.

1950-51ರಲ್ಲಿ ಭಾರತದ ಕಾಫಿ ಬೆಳೆ ಸುಮಾರು 19,000 ಟನ್ನು. ಈಗ ಅದು ಸುಮಾರು ಮೂರೂವರೆ ಲಕ್ಷ ಟನ್ನು. ಅದರಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಬೆಳೆಗಾರರಲ್ಲಿ ಬಹುತೇಕರು ಸಣ್ಣ ಹಿಡುವಳಿಯವರು. ಅವರ ಹಿಂದೆ ಹಣ್ಣು ಕೀಳುವ ಕೂಲಿಗಾರರಿದ್ದಾರೆ. ಅವರಲ್ಲಿ ಹೆಂಗಸರೇ ಬಹಳ. ಅವರಿಗೆ ವಸತಿ, ವೈದ್ಯ, ಕೂಸುಮನೆಗಳನ್ನು ಒದಗಿಸಬೇಕೆಂದು ದೊಡ್ಡ ತೋಟಗಳ ಮಾಲೀಕರಿಗೆ ಕಟ್ಟಳೆ ಹಾಕಿದ ಕಾನೂನು ಬಂದದ್ದು 1951ರಲ್ಲಿ. ನ್ಯೂಯಾರ್ಕಿನಲ್ಲಿ ಬೆಲೆ ಏರಿದ ಸುದ್ದಿ ಗಾಂಧಿ ಬಜಾರಿಗೆ ಬೇಗ ಮುಟ್ಟುತ್ತದೆ. ಹಣ್ಣು ಕೀಳುವವಳ ಕೂಲಿಗೆ ಮುಟ್ಟುವುದು ತಡ.

ಕಾಫಿಯ ಇತಿಹಾಸ ನಮಗೆ ತಿಳಿಸುವುದಿಷ್ಟು. ತುಕ್ಕುರೋಗವನ್ನು ಎದುರಿಸುವ ತಳಿಯನ್ನು ವಿಜ್ಞಾನ ಕೊಡಬಲ್ಲದು. ಆ ತಳಿಯ ಫಲ ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ಸಮಾಜವೇ ಗೊತ್ತುಮಾಡಬೇಕು. ಹೋಟೆಲಿನ ಬಾಗಿಲನ್ನು ಕಾನೂನು ತೆರೆಯಬಲ್ಲದು. ಪಕ್ಕದ ಕುರ್ಚಿಯಲ್ಲಿ ಕುಳಿತವನೊಡನೆ ಸಮನಾಗಿ ಮಾತನಾಡುವುದನ್ನು ನಾವೇ ಕಲಿಯಬೇಕು. ಮುಂದಿನ ಸಲ ಪುಡಿ ಕೊಳ್ಳುವಾಗ ಚಿಕೋರಿಯ ಪಾಲೆಷ್ಟು ಎಂದು ಕೇಳುವುದರ ಜೊತೆಗೆ, ಇದರ ಬೆಲೆಯಲ್ಲಿ ಬೆಳೆದವರ ಪಾಲೆಷ್ಟು ಎಂದೂ ಕೇಳಿನೋಡಿರಿ. ಮೊದಲನೆಯದಕ್ಕೆ ಉತ್ತರ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ಎರಡನೆಯದನ್ನು ಲೆಕ್ಕ ಹಾಕುವ ಕೆಲಸ ಇಂದಿನ ವಿದ್ಯಾರ್ಥಿಗಳಿಗೆ ಸೇರಿದ್ದು.